ಭೀಮನ ಗದೆಗೆ ಬೇಕಾದ ಸಾಮಾನೆಲ್ಲ ಪ್ಲಂಬಿಂಗ್ ಅಂಗಡಿಯಲ್ಲೇ ಇದೆ

ಪೌರಾಣಿಕ ನಾಟಕದಲ್ಲಿ ಕಿರೀಟಕ್ಕೂ ಭುಜಕೀರ್ತಿಗೂ ಸಿಗುವ ಗಮನ ಗದೆಗೆ ಸಿಗುವುದಿಲ್ಲ. ಡ್ರೆಸ್ಸಿನವರು ಒಡವೆ ಪೆಟ್ಟಿಗೆಗಳ ಜೊತೆ ಎರಡು ಗದೆ ತಂದು ಮೂಲೆಗೆ ಒರಗಿಸುತ್ತಾರೆ, ಪಾತ್ರಧಾರಿ ರಂಗಕ್ಕೆ ಹೋಗುವ ಹೊತ್ತಿಗೆ ಅದನ್ನು ಮೊದಲ ಸಲ ಕೈಗೆ ತೆಗೆದುಕೊಳ್ಳುತ್ತಾನೆ. ಮಂಡ್ಯ, ತುಮಕೂರು, ಹಾಸನ, ರಾಮನಗರದ ಕಡೆ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕದ ಕೊನೆಯ ಭಾಗ ನಿಂತಿರುವುದೇ ಆ ಎರಡು ಗದೆಗಳ ಮೇಲೆ. ಬೆಳಗಿನ ಜಾವ ಭೀಮ ದುರ್ಯೋಧನರು ಎದುರು ಬದುರಾದಾಗ, ನಿದ್ದೆ ತಡೆದು ಕೂತ ಜನ ನೋಡುವುದು ಅದನ್ನೇ. ಆ ಹೊತ್ತಿನಲ್ಲಿ ಗದೆಯ ಬುರುಡೆ ಅಲ್ಲಾಡಿದರೆ, ಹಿಡಿಯಿಂದ ಬಿಟ್ಟುಕೊಂಡರೆ, ಅಥವಾ ತೂಕ ತಾಳದೆ ನಟನ ಮಣಿಕಟ್ಟು ಸೋತರೆ ಅಷ್ಟು ಹೊತ್ತಿನ ಹಾಡು, ಮಾತು, ಅಭ್ಯಾಸ ಎಲ್ಲಕ್ಕೂ ಪೆಟ್ಟು.

ಗದೆ ಎಂದರೆ ಕಡಚಲು ಯಂತ್ರದಲ್ಲಿ ತಿರುಗಿಸಿ ತೆಗೆದ ಆಕಾರಗಳ ಸಾಲು: ಗುಂಡು, ಬಳೆ, ಕುತ್ತಿಗೆ, ಕಳಶ, ಹಿಡಿ. ಮರದಲ್ಲಿ ಮಾಡಬೇಕಾದರೆ ಹಗುರ ಮರ ಬೇಕು, ಕಡಚಲು ಕೆಲಸ ಬಲ್ಲವರು ಬೇಕು. ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಹೋದರೆ ಆ ಆಕಾರಗಳೆಲ್ಲ ಅಚ್ಚಿನಿಂದ ಇಳಿದು ಕಪಾಟಿನಲ್ಲಿ ಕೂತಿವೆ. ಎರಡು ಪೈಪು ಜೋಡಿಸುವ ಕಪ್ಲಿಂಗ್ ಒಂದು ಬಳೆ, ದಪ್ಪ ಪೈಪಿಗೆ ಸಣ್ಣ ಪೈಪು ಸೇರಿಸುವ ರೆಡ್ಯೂಸರ್ ಒಂದು ಕುತ್ತಿಗೆ, ಪೈಪಿನ ತುದಿಗೆ ಟೋಪಿಯ ಹಾಗೆ ಕೂರಿಸುವ ವೆಂಟ್ ಕೌಲ್ ಒಂದು ಕಳಶ. ಎಲ್ಲವೂ ಒಂದರೊಳಗೊಂದು ಕೂರುವಂತೆ ಅಳತೆಯಲ್ಲಿವೆ, ಅಂಟೂ ಅಲ್ಲೇ ಸಿಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಆಕಾರದ ಚಿಂತೆ ಕಡಿಮೆ. ಚಿಂತೆ ಮಾಡಬೇಕಾದ್ದು ಒಂದೇ ಒಂದು ಜಾಗದ ಬಗ್ಗೆ: ಬುರುಡೆ ಹಿಡಿಗೆ ಸೇರುವ ಕುತ್ತಿಗೆ. ಬಣ್ಣ, ಬೇಗಡೆ, ಕುಸುರಿ ಎಷ್ಟೇ ಚೆನ್ನಾಗಿರಲಿ, ಕುತ್ತಿಗೆ ಸರಿಯಿಲ್ಲದ ಗದೆಯನ್ನು ರಂಗಕ್ಕೆ ತರಬಾರದು. ಹಳ್ಳಿಯ ರಂಗಸ್ಥಳದ ಮುಂದೆ ಚಾಪೆ ಹಾಸಿ ಕೂರುವವರು ಮಕ್ಕಳು. ಬೀಸಿದ ಗದೆಯ ತಲೆ ಕಿತ್ತು ಬಂದರೆ ಮೊದಲು ಬೀಳುವುದು ಅವರ ಮೇಲೆ.

ಐದೂವರೆ ಅಡಿಗಿಂತ ಎತ್ತರದ ನಟನಿಗೆ ನಾಲ್ಕು ಅಡಿ ಗದೆ ಸರಿಹೋಗುತ್ತದೆ. ನೆಲಕ್ಕೆ ಊರಿ ನಿಂತರೆ ಎದೆಮಟ್ಟಕ್ಕೆ ಬರುತ್ತದೆ, ಹೆಗಲ ಮೇಲೆ ಇಟ್ಟರೆ ಬುರುಡೆ ಭುಜಕೀರ್ತಿಯ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ತೂಕ ಒಂದೂವರೆ ಕಿಲೋ ಆಸುಪಾಸು ಇರಲಿ. ಎರಡು ಕಿಲೋ ದಾಟಿದರೆ ಹಾಡುತ್ತಾ ಒಂದು ಕೈಯಲ್ಲಿ ಎತ್ತಿ ಹಿಡಿಯುವುದು ಕಷ್ಟ. ಒಂದು ಕಿಲೋಗೂ ಕಡಿಮೆಯಾದರೆ ನಟ ಎಷ್ಟೇ ಅಭಿನಯಿಸಿದರೂ ಕೈ ಅದನ್ನು ಪುಕ್ಕಟೆ ಎತ್ತುತ್ತಿರುವುದು ದೂರಕ್ಕೂ ಗೊತ್ತಾಗುತ್ತದೆ. ಭಾರ ಇದೆ ಎಂದು ತೋರಿಸಲು ಒಂದಿಷ್ಟು ಭಾರ ಇರಲೇಬೇಕು.

ಹಿಡಿಗೆ ಒಂದಿಂಚಿನ ಯುಪಿವಿಸಿ ಪೈಪು, ಶೆಡ್ಯೂಲ್ 40 (ಇದು ಗೋಡೆಯ ದಪ್ಪ ಹೇಳುವ ದರ್ಜೆ). ಇದರ ಹೊರ ಅಳತೆ 33.4 ಮಿ.ಮೀ., ದಪ್ಪ 3.4 ಮಿ.ಮೀ. ಹತ್ತಿರ, ಮೀಟರಿಗೆ ಸುಮಾರು 450 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಎಡವುವುದು ಇಲ್ಲೇ. ಒಂದಿಂಚು ಎಂದು ಕೇಳಿದರೆ ಮೂರು ಬೇರೆ ಬೇರೆ ಪೈಪು ಮುಂದೆ ಬರಬಹುದು. ಬಿಸಿನೀರಿಗೆ ಹಾಕುವ ಕೆನೆ ಬಣ್ಣದ ಸಿಪಿವಿಸಿಯಲ್ಲಿ ಒಂದಿಂಚು ಎಂದರೆ ಹೊರ ಅಳತೆ 28.6 ಮಿ.ಮೀ. ಮಾತ್ರ. ತೋಟಕ್ಕೆ ಹಾಕುವ ಪೈಪಿನಲ್ಲಿ ಒಂದಿಂಚಿನ ಲೆಕ್ಕಕ್ಕೆ ಬರುವುದು 32 ಮಿ.ಮೀ. ಮೂರಕ್ಕೂ ಕಪ್ಲಿಂಗ್ ಬೇರೆ ಬೇರೆ. 32 ಮಿ.ಮೀ. ಪೈಪನ್ನು ಒಂದಿಂಚಿನ ಕಪ್ಲಿಂಗ್‌ಗೆ ಹಾಕಿದರೆ ಸಡಿಲವಾಗಿ ಕೂರುತ್ತದೆ, ಅಂಟು ಹೆಚ್ಚು ಸುರಿದು ತುಂಬಿದರೂ ಆ ಸಂದಿ ಗಟ್ಟಿಯಾಗುವುದಿಲ್ಲ. ಪೈಪು ಕಪ್ಲಿಂಗ್ ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದರೊಳಗೊಂದು ತೂರಿಸಿ ನೋಡಿ ಕೊಳ್ಳಿ. ತೋಟದ ಪೈಪು ಹಗುರ ಎಂಬ ಆಸೆಗೆ ಅದನ್ನು ಹಿಡಿಗೆ ಹಾಕಬೇಡಿ. ಅದರ ಗೋಡೆ ತೆಳು, ಬೀಸಿದಾಗ ಬಳುಕುತ್ತದೆ, ಬಳುಕುವ ಗದೆ ನೋಡಲು ಸಪ್ಪೆ. ಹಳೆಯದಾಗಿ ಬಿಸಿಲಲ್ಲಿ ಬಿದ್ದಿದ್ದ ಪೈಪು ಪುಕ್ಕಟೆ ಸಿಕ್ಕರೂ ಬೇಡ. ಬಿಸಿಲು ತಿಂದ ಪಿವಿಸಿ ಪೆಡಸಾಗಿ, ಮುರಿದರೆ ಚೂಪು ಚೂರಾಗಿ ಸಿಡಿಯುತ್ತದೆ.

ಇನ್ನು ಬುರುಡೆ. ಥರ್ಮಾಕೋಲ್ ಗುಂಡು ತಂದು ತೂತು ಹಾಕಿ ಕೂರಿಸುವುದು ಸುಲಭದ ದಾರಿ. ಆದರೆ ಒಂದೆರಡು ಪ್ರದರ್ಶನಕ್ಕೆ ಅದರ ತೂತು ಸವೆದು ಅಗಲವಾಗುತ್ತದೆ, ಸ್ಪ್ರೇ ಪೇಂಟ್ ಬಿದ್ದ ಕಡೆ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ನಾಲ್ಕಿಂಚಿನ ಎಸ್‌ಡಬ್ಲ್ಯುಆರ್ ಪೈಪಿನಲ್ಲಿದೆ, ಅಂದರೆ ಪಾಯಿಖಾನೆ ಮತ್ತು ಮಳೆನೀರಿಗೆ ಹಾಕುವ 110 ಮಿ.ಮೀ. ಪೈಪು. ಇದರಲ್ಲಿ ಎ ಮತ್ತು ಬಿ ಎಂದು ಎರಡು ಬಗೆ. ಮಳೆನೀರಿನ ಎ ಬಗೆ 2.2 ಮಿ.ಮೀ. ದಪ್ಪ, ಬಿ ಬಗೆ 3.2 ಮಿ.ಮೀ. ನಮಗೆ ಬೇಕಾದ್ದು ಎ ಬಗೆ. ಬೇಗ ಮೆತ್ತಗಾಗುತ್ತದೆ, ಗದೆಯ ಬುರುಡೆಗೆ ಬೇಕಾಗುವಷ್ಟು ಉದ್ದದಲ್ಲಿ ನೂರು ಗ್ರಾಮಿಗೂ ಹೆಚ್ಚು ತೂಕ ಕಡಿಮೆಯಾಗುತ್ತದೆ.

ಉಪಾಯ ಇಷ್ಟೆ. ಪೈಪಿನ ಎರಡೂ ತುದಿ ಬಿಟ್ಟು ನಡುವೆ ಉದ್ದುದ್ದ ಸೀಳಿ, ಕಾಯಿಸಿ, ಮೇಲಿನಿಂದ ಒತ್ತಿದರೆ ಪಟ್ಟಿಗಳು ಹೊರಕ್ಕೆ ಉಬ್ಬಿ ಆಕಾಶಬುಟ್ಟಿಯ ಹಾಗೆ ಗುಂಡಾಗುತ್ತವೆ. ಗದೆಯ ಬುರುಡೆಯ ಮೇಲೆ ಇರಬೇಕಾದ ಏಣುಗಳು ತಾವಾಗಿಯೇ ಬಂದುಬಿಡುತ್ತವೆ.

ಅಳತೆಗಳು: ಪೈಪಿನ ತುಂಡು 34 ಸೆಂ.ಮೀ. ಎರಡೂ ತುದಿಯಲ್ಲಿ ಐದೈದು ಸೆಂ.ಮೀ. ಸೀಳದೆ ಬಿಡಿ, ಪೈಪಿನ ಬಾಯಿ ಮುಚ್ಚುವ ಎಂಡ್ ಕ್ಯಾಪ್ ಕೂರುವುದು ಅಲ್ಲಿ. ನಿಮ್ಮ ಕ್ಯಾಪಿನ ಆಳ ಅಳೆದು ನೋಡಿ, ಹೆಚ್ಚಿದ್ದರೆ ಅಷ್ಟು ಹೆಚ್ಚು ಬಿಡಿ. ನಡುವೆ ಉಳಿಯುವ 24 ಸೆಂ.ಮೀ. ಉದ್ದಕ್ಕೆ ಹನ್ನೆರಡು ಸೀಳು. ಪೈಪಿನ ಸುತ್ತಳತೆ 345 ಮಿ.ಮೀ., ಹನ್ನೆರಡು ಭಾಗ ಮಾಡಿದರೆ ಒಂದೊಂದು ಪಟ್ಟಿ ಇಪ್ಪತ್ತೆಂಟೂ ಮುಕ್ಕಾಲು ಮಿ.ಮೀ. ಇದನ್ನು ಸ್ಕೇಲಿನಲ್ಲಿ ಅಳೆಯುತ್ತಾ ಹೋದರೆ ಕೊನೆಯ ಪಟ್ಟಿ ತಪ್ಪದೆ ಕಿರಿದಾಗುತ್ತದೆ. ಕಾಗದದ ಪಟ್ಟಿಯೊಂದನ್ನು ಪೈಪಿಗೆ ಸುತ್ತಿ, ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಿ, ಮೂರು ಮಡಿಕೆ ಮಾಡಿ, ಆಮೇಲೆ ಎರಡು ಸಲ ಅರ್ಧಕ್ಕೆ ಮಡಿಸಿ. ಬಿಚ್ಚಿದರೆ ಹನ್ನೆರಡು ಸಮ ಗೆರೆ ಸಿಗುತ್ತವೆ. ಉದ್ದ ಗೆರೆ ಎಳೆಯಲು ಎಲ್ ಆಕಾರದ ಕಬ್ಬಿಣದ ಆ್ಯಂಗಲ್ ತುಂಡನ್ನು ಪೈಪಿನ ಮೇಲೆ ಬೋರಲು ಇಟ್ಟರೆ ಸಾಕು, ಅದು ತಾನೇ ಪೈಪಿಗೆ ಸಮಾನಾಂತರವಾಗಿ ಕೂರುತ್ತದೆ.

ಪ್ರತಿ ಗೆರೆಯ ಎರಡೂ ಕೊನೆಗೆ ಐದು ಮಿ.ಮೀ. ತೂತು ಕೊರೆಯಿರಿ, ಒಟ್ಟು ಇಪ್ಪತ್ತನಾಲ್ಕು. ಈ ತೂತುಗಳನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ಹಾಳು. ಸೀಳಿನ ಚೂಪು ಮೂಲೆಯಲ್ಲಿ ಒತ್ತಡವೆಲ್ಲ ಒಂದು ಬಿಂದುವಿಗೆ ಸೇರಿ, ಪೈಪನ್ನು ಒತ್ತಿದಾಗಲೋ ಮೊದಲ ಏಟು ಬಿದ್ದಾಗಲೋ ಬಿರುಕು ಅಲ್ಲಿಂದ ಹೊರಟು ತುದಿಯ ಬಳೆಯನ್ನೂ ಸೀಳಿಬಿಡುತ್ತದೆ. ದುಂಡು ತೂತಿದ್ದರೆ ಒತ್ತಡ ಅದರ ಸುತ್ತ ಹಂಚಿಹೋಗುತ್ತದೆ. ಸೀಳಲು ಹ್ಯಾಕ್ಸಾ ಬ್ಲೇಡಿಗೆ ಒಂದು ಕಡೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಎಳೆಯಬಹುದು, ಸ್ವಲ್ಪ ಹೊತ್ತಿನ ಕೆಲಸ. ಆದರೆ ಬ್ಲೇಡು ಒಳಗೆ ಹೋಗಬೇಕಾದರೆ ತೂತು ಹನ್ನೆರಡು ಮಿ.ಮೀ. ಬೇಕಾಗುತ್ತದೆ, ಅಷ್ಟು ದೊಡ್ಡ ತೂತು ಒಂದು ಕೊನೆಗೆ ಮಾತ್ರ ಇರಲಿ. ಜಿಗ್‌ಸಾ ಇದ್ದರೆ ಇನ್ನೂ ಚೆನ್ನ. ನಾಲ್ಕಿಂಚಿನ ಗ್ರೈಂಡರ್ ಬೇಗ ಕತ್ತರಿಸುತ್ತದೆ ನಿಜ, ಆದರೆ ಪಿವಿಸಿ ಕರಗಿ ಅಂಚಿಗೆ ಮೆತ್ತಿಕೊಳ್ಳುತ್ತದೆ, ಡಿಸ್ಕು ತೂತನ್ನು ದಾಟಿ ಓಡುತ್ತದೆ. ಯಾವುದರಲ್ಲೇ ಕತ್ತರಿಸಿ, ಕನ್ನಡಕ ಮತ್ತು ಮಾಸ್ಕ್ ಇರಲಿ. ಸೀಳಿನ ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಮೊಂಡು ಮಾಡಿ.

ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ. ಹಾಗಾಗಿ ಕುದಿಯುವ ನೀರೇ ಸಾಕು, ಸ್ನಾನದ ಹಂಡೆ ಆದರೆ ಇನ್ನೂ ಅನುಕೂಲ. ಒಲೆಯ ಬೆಂಕಿಗೆ ನೇರವಾಗಿ ಹಿಡಿಯುವುದು ಬೇಡವೇ ಬೇಡ. ಒಂದು ಕಡೆ ಕರಕಲಾಗಿ ಇನ್ನೊಂದು ಕಡೆ ಗಟ್ಟಿಯಾಗೇ ಇರುತ್ತದೆ, ಸುಟ್ಟ ಪಿವಿಸಿ ಬಿಡುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ನೀರಿನ ಇನ್ನೊಂದು ಉಪಕಾರವೆಂದರೆ ನೂರು ಡಿಗ್ರಿ ದಾಟುವುದಿಲ್ಲ, ಪೈಪು ಎಷ್ಟು ಹೊತ್ತು ಇದ್ದರೂ ಸುಡುವುದಿಲ್ಲ.

ಒತ್ತುವ ಮುಂಚೆ ಎರಡು ಏರ್ಪಾಡು ಬೇಕು. ಒಂದು, ಎಷ್ಟು ಒತ್ತಬೇಕು ಎಂಬುದಕ್ಕೆ ತಡೆ. ಮೂರಿಂಚು ದಪ್ಪದ, ಸರಿಯಾಗಿ 30 ಸೆಂ.ಮೀ. ಉದ್ದದ ಮರದ ತುಂಡನ್ನು ಪೈಪಿನೊಳಗೆ ನಿಲ್ಲಿಸಿ. ಎರಡು, ಪಟ್ಟಿಗಳು ಒಳಕ್ಕೆ ಕುಸಿಯದೆ ಹೊರಕ್ಕೇ ಉಬ್ಬುವಂತೆ ಆ ಮರದ ತುಂಡಿನ ನಡುವೆ ಗೋಣಿಬಟ್ಟೆಯನ್ನು ಬಿಗಿಯಾಗಿ, ಪೈಪಿನ ಒಳಗೋಡೆಗೆ ಒತ್ತುವಷ್ಟು ದಪ್ಪ ಸುತ್ತಿ. ಎರಡನ್ನೂ ಸೇರಿಸಿ ಕುದಿನೀರಿಗೆ ಇಳಿಸಿ, ಮೂರು ನಾಲ್ಕು ನಿಮಿಷ ಬಿಟ್ಟು ತೆಗೆಯಿರಿ. ದಪ್ಪ ಕೈಗವಸು ಹಾಕಿಕೊಂಡು ನೆಟ್ಟಗೆ ನಿಲ್ಲಿಸಿ, ಮೇಲೊಂದು ಹಲಗೆ ಇಟ್ಟು, ಹಲಗೆ ಮರದ ತುಂಡಿಗೆ ತಾಗುವ ತನಕ ಒತ್ತಿ ಹಿಡಿಯಿರಿ. ಇನ್ನೊಬ್ಬರು ತಣ್ಣೀರು ಸುರಿಯಲಿ. ನಾಲ್ಕು ಸೆಂ.ಮೀ. ಒತ್ತಿದರೆ ನಡುವಿನ ಅಡ್ಡಳತೆ 11ರಿಂದ 22 ಸೆಂ.ಮೀ.ಗೆ ಏರುತ್ತದೆ. ಇನ್ನೆರಡು ಸೆಂ.ಮೀ. ಹೆಚ್ಚು ಒತ್ತಿದರೆ 24 ದಾಟುತ್ತದೆ, ಅದು ತೀರಾ ದೊಡ್ಡದು. ಕೆಲವು ಪಟ್ಟಿ ಹೆಚ್ಚು ಉಬ್ಬಿ ಕೆಲವು ಚಪ್ಪಟೆಯಾಗಿದ್ದರೆ ನೀರಿನಿಂದ ತೆಗೆದು ಒತ್ತುವಷ್ಟರಲ್ಲಿ ಒಂದು ಬದಿ ಆರಿದೆ ಎಂದರ್ಥ. ಎಸೆಯಬೇಕಾಗಿಲ್ಲ. ಪಿವಿಸಿಗೆ ತನ್ನ ಹಳೆಯ ಆಕಾರ ನೆನಪಿರುತ್ತದೆ, ಮತ್ತೆ ಕುದಿನೀರಿಗೆ ಹಾಕಿದರೆ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ, ಇನ್ನೊಮ್ಮೆ ಮಾಡಬಹುದು.

ಈಗ ಕುತ್ತಿಗೆ. ಬೇಕಾದ್ದು 110 ಮಿ.ಮೀ. ಎಂಡ್ ಕ್ಯಾಪ್ ಎರಡು, ರಬ್ಬರ್ ರಿಂಗಿನದಲ್ಲ, ಅಂಟು ಹಚ್ಚಿ ಕೂರಿಸುವ ಬಗೆಯದು. ಒಂದಿಂಚಿನ ಕಪ್ಲಿಂಗ್ ಒಂದು, ಒಂದಿಂಚಿನ ಎಂಡ್ ಕ್ಯಾಪ್ ಎರಡು. ದೊಡ್ಡ ಕ್ಯಾಪುಗಳ ನಟ್ಟನಡುವೆ 35 ಮಿ.ಮೀ. ತೂತು ಬೇಕು. ಅಡುಗೆಮನೆಯ ಕಪಾಟಿಗೆ ಹಿಂಜ್ ಕೂರಿಸುವ ಬಡಗಿಯ ಹತ್ತಿರ ಸರಿಯಾಗಿ 35 ಮಿ.ಮೀ. ಬಿಟ್ ಇರುತ್ತದೆ, ಐದು ನಿಮಿಷದ ಕೆಲಸ. ತೂತು ಒಂದು ಬದಿಗೆ ಸರಿದರೆ ಗದೆ ಸೊಟ್ಟಗೆ ಕೂರುತ್ತದೆ, ಕೈಯಲ್ಲಿ ತಿರುಗಿಸಿದಾಗ ಅದು ಎದ್ದು ಕಾಣುತ್ತದೆ.

ಹಿಡಿಯನ್ನು ಬುರುಡೆಯ ಕೆಳಗೆ ಅಂಟಿಸುವುದಲ್ಲ, ಬುರುಡೆಯ ಒಳಗೆ ಆಚೆಯಿಂದ ಈಚೆಗೆ ತೂರಿಸಬೇಕು. ಒಂದಿಂಚಿನ ಪೈಪನ್ನು ಎರಡು ತುಂಡು ಮಾಡಿ: ಕೆಳಗಿನದು 75 ಸೆಂ.ಮೀ., ಮೇಲಿನದು 37 ಸೆಂ.ಮೀ. ಆಸುಪಾಸು. ಎರಡನ್ನೂ ಕಪ್ಲಿಂಗ್‌ನಿಂದ ಸೇರಿಸಿ. ಎರಡು ದೊಡ್ಡ ಕ್ಯಾಪುಗಳನ್ನು ಬುರುಡೆಗೆ ಅಂಟಿಸಿ, ಇಡೀ ಬುರುಡೆಯನ್ನು ಮೇಲಿನಿಂದ ತೂರಿಸಿದರೆ ಅದು ಕಪ್ಲಿಂಗ್‌ನ ಭುಜದ ಮೇಲೆ ಬಂದು ಕೂರುತ್ತದೆ. ಕಪ್ಲಿಂಗ್ ತೂತಿಗಿಂತ ದಪ್ಪ ಇರುವುದರಿಂದ ಕೆಳಕ್ಕೆ ಜಾರುವ ಹಾಗಿಲ್ಲ. ಮೇಲೆ ಚಾಚಿಕೊಂಡ ಪೈಪಿನ ತುದಿಗೆ ಒಂದಿಂಚಿನ ಎಂಡ್ ಕ್ಯಾಪ್ ಅಂಟಿಸಿದರೆ ಮೇಲಕ್ಕೂ ಹೋಗುವ ಹಾಗಿಲ್ಲ. ಅಂಟು ಸೋತರೂ ಬುರುಡೆ ಕಪ್ಲಿಂಗ್ ಮತ್ತು ಕ್ಯಾಪಿನ ನಡುವೆ ಸಿಕ್ಕಿಕೊಂಡೇ ಇರುತ್ತದೆ. ಪಟ್ಟಿಗಳು ಸೆಖೆಗೆ ಮೆಲ್ಲಗೆ ನೆಟ್ಟಗಾಗಲು ನೋಡಿದರೂ ಈ ಬಿಗಿ ಅದಕ್ಕೆ ಬಿಡುವುದಿಲ್ಲ. ಈ ಕಟ್ಟಡವೇ ಗದೆಯ ಜೀವ.

ಮೇಲಿನ ಪೈಪಿನ ಉದ್ದವನ್ನು ಲೆಕ್ಕ ಹಾಕಿಯೇ ಕತ್ತರಿಸಬೇಕು. ಅಂಟಿಲ್ಲದೆ ಒಣ ಕೂರಿಸಿ ಗುರುತು ಹಾಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಫಿಟ್ಟಿಂಗಿನ ಒಳಬಾಯಿ ಸ್ವಲ್ಪ ಇಳಿಜಾರಾಗಿರುತ್ತದೆ, ಒಣಗಿದ್ದಾಗ ಪೈಪು ಪೂರ್ತಿ ಒಳಕ್ಕೆ ಹೋಗುವುದಿಲ್ಲ, ಅಂಟು ಹಚ್ಚಿದ ಮೇಲೆ ಜಾರಿ ತಳ ಮುಟ್ಟುತ್ತದೆ. ಒಣ ಅಳತೆ ನಂಬಿದರೆ ಅಂಟಿಸಿದ ಮೇಲೆ ಅಳತೆ ತಪ್ಪಿರುತ್ತದೆ. ಕಪ್ಲಿಂಗ್ ಮತ್ತು ಕ್ಯಾಪಿನ ಒಳ ಆಳವನ್ನು ಸ್ಕೇಲಿನಲ್ಲಿ ಅಳೆಯಿರಿ. ಬುರುಡೆಯ ಉದ್ದಕ್ಕೆ (ದೊಡ್ಡ ಕ್ಯಾಪುಗಳ ದಪ್ಪವೂ ಸೇರಿ) ಈ ಎರಡು ಆಳ ಕೂಡಿಸಿ, ಅದರಲ್ಲಿ ಎರಡು ಮಿ.ಮೀ. ಕಳೆಯಿರಿ. ಆ ಎರಡು ಮಿ.ಮೀ. ಇದ್ದರೆ ಕ್ಯಾಪು ಬುರುಡೆಯನ್ನು ಒತ್ತಿ ಹಿಡಿಯುತ್ತದೆ. ಪೈಪು ಉದ್ದವಾದರೆ ಕ್ಯಾಪು ತಳಮುಟ್ಟಿ ನಿಂತು, ಬುರುಡೆ ಸಡಿಲವಾಗಿ, ಪ್ರತಿ ಹೆಜ್ಜೆಗೂ ಕಟಕಟ ಎನ್ನುತ್ತದೆ.

ಅಂಟು, ಅಂದರೆ ಸಲ್ಯೂಷನ್, ಮರದ ಅಂಟಿನ ಹಾಗಲ್ಲ. ಎರಡೂ ಮೈಗಳನ್ನು ಕರಗಿಸಿ ಒಂದು ಮಾಡುತ್ತದೆ. ಅದಕ್ಕೇ ಎರಡೂ ಕಡೆ ಉಪ್ಪುಕಾಗದದಿಂದ ಹೊಳಪು ತೆಗೆದು, ಒರೆಸಿ, ತೆಳ್ಳಗೆ ಹಚ್ಚಿ, ತೂರಿಸಿ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೈ ಬಿಟ್ಟರೆ ಇಳಿಜಾರು ಬಾಯಿ ಪೈಪನ್ನು ಹಿಂದಕ್ಕೆ ತಳ್ಳುತ್ತದೆ. ಒಂದು ದಿನ ಮುಟ್ಟದೆ ಬಿಡಿ. ಪಿವಿಸಿ ಅಲ್ಲದ ಪ್ಲಾಸ್ಟಿಕ್ಕಿಗೆ ಇದು ಹಿಡಿಯುವುದಿಲ್ಲ. ಟ್ಯಾಂಕಿನ ಬಾಲ್‌ಕಾಕ್ ಚೆಂಡು ಸುಂದರವಾಗಿದೆ ಎಂದು ತಂದು ಅಂಟಿಸಿದರೆ ಮಾರನೆಯ ದಿನ ಸಿಪ್ಪೆಯ ಹಾಗೆ ಕಿತ್ತು ಬರುತ್ತದೆ. ಅನುಮಾನ ಬಂದರೆ ಮರೆಯ ಜಾಗಕ್ಕೆ ಒಂದು ಹನಿ ಹಾಕಿ ಉಗುರಿನಿಂದ ಕೆರೆದು ನೋಡಿ. ಮೆತ್ತಗಾಗಿದ್ದರೆ ಹಿಡಿಯುತ್ತದೆ.

ಬುರುಡೆ ಹಿಡಿಯ ಮೇಲೆ ತಿರುಗದಂತೆ ಒಂದು ಬೋಲ್ಟ್ ಬೇಕು. ಬಹಳ ಜನ ಅದನ್ನು ಕುತ್ತಿಗೆಯಲ್ಲಿ, ಕಪ್ಲಿಂಗ್‌ಗೆ ಅಡ್ಡಲಾಗಿ ಹಾಕುತ್ತಾರೆ. ಅದು ತಪ್ಪು. ಬೀಸಿದಾಗ ಬುರುಡೆಯ ಭಾರಕ್ಕೆ ಕುತ್ತಿಗೆಯ ಮೇಲೆ ಬಾಗುವ ಒತ್ತಡ ಬೀಳುತ್ತದೆ, ಅಲ್ಲಿ ತೂತು ಕೊರೆದರೆ ಮುರಿಯುವ ಜಾಗವನ್ನು ನಾವೇ ಗುರುತು ಹಾಕಿಕೊಟ್ಟ ಹಾಗೆ. ಬೋಲ್ಟನ್ನು ಬುರುಡೆಯ ಮೇಲೆ, ಸಣ್ಣ ಎಂಡ್ ಕ್ಯಾಪಿಗೆ ಅಡ್ಡಲಾಗಿ ಹಾಕಿ. ಅಲ್ಲಿ ಬಾಗುವ ಒತ್ತಡವೇ ಇಲ್ಲ. ಐದು ಮಿ.ಮೀ. ಬೋಲ್ಟ್, ನೈಲಾನ್ ಇರುವ ನಟ್, ಅದರ ಬುಡ ದೊಡ್ಡ ಕ್ಯಾಪಿಗೆ ಸೇರುವ ಹಾಗೆ ಎಂ-ಸೀಲ್. ಕಪ್ಲಿಂಗ್‌ನ ಒಳಗೆ ಮೇಲಕ್ಕೂ ಕೆಳಕ್ಕೂ ಆರಾರು ಇಂಚು ಹೋಗುವಂತೆ ಇಪ್ಪತ್ತೈದು ಮಿ.ಮೀ. ದಪ್ಪದ ಗಟ್ಟಿ ಮರದ ಕೋಲೊಂದನ್ನು ಮೊದಲೇ ಬಿಗಿಯಾಗಿ ತೂರಿಸಿಟ್ಟರೆ, ಪಿವಿಸಿ ಒಡೆದರೂ ಕೋಲು ಎರಡು ತುಂಡನ್ನೂ ಹಿಡಿದುಕೊಂಡಿರುತ್ತದೆ. ನೂರು ಗ್ರಾಂ ತೂಕ ಹೆಚ್ಚಾದರೂ ಇದನ್ನು ಬಿಡಬೇಡಿ.

ಸಾಗಿಸಲು ಸುಲಭ ಎಂದು ಕುತ್ತಿಗೆಗೆ ತಿರುಪು ಇರುವ ಥ್ರೆಡ್ ಅಡಾಪ್ಟರ್ ಹಾಕಿ ಬಿಚ್ಚುವ ಗದೆ ಮಾಡುವವರಿದ್ದಾರೆ. ಮೆರವಣಿಗೆಯ ಹನುಮಂತನಿಗಾದರೆ ಸರಿ. ಯುದ್ಧದ ದೃಶ್ಯಕ್ಕೆ ಬೇಡ. ಪ್ಲಾಸ್ಟಿಕ್ ತಿರುಪಿನ ಒಂದೊಂದು ಸುತ್ತೂ ಒಂದೊಂದು ಬಿರುಕಿಗೆ ಆರಂಭ, ಜೊತೆಗೆ ಬೀಸುತ್ತಾ ಬೀಸುತ್ತಾ ಅದು ಬಿಚ್ಚಿಕೊಳ್ಳುತ್ತದೆ.

ಬಣ್ಣಕ್ಕೆ ಕೈ ಹಾಕುವ ಮೊದಲು ಪರೀಕ್ಷೆ. ಎರಡು ಬೆಂಚುಗಳ ನಡುವೆ ಹಿಡಿ ತೂರುವಷ್ಟು ಸಂದಿ ಬಿಟ್ಟು, ಬುರುಡೆಯ ತಳ ಬೆಂಚಿನ ಮೇಲೆ ಕೂರುವಂತೆ ಗದೆಯನ್ನು ನೇತುಬಿಡಿ. ಹಿಡಿಯ ತುದಿಗೆ ಹಗ್ಗದಲ್ಲಿ ನೀರು ತುಂಬಿದ ಬಕೆಟ್ ಕಟ್ಟಿ. ಹದಿನೈದು ಲೀಟರ್ ಎಂದರೆ ಹದಿನೈದು ಕಿಲೋ ಎಳೆತ, ಬುರುಡೆ ಕಿತ್ತು ಹೋಗುವ ದಿಕ್ಕಿಗೇ. ಜೋರಾಗಿ ಬೀಸಿದಾಗ ಒಂದು ಕಿಲೋ ಬುರುಡೆ ಹಿಡಿಯನ್ನು ಎಳೆಯುವುದು ಐದಾರು ಕಿಲೋ ಭಾರದಷ್ಟು. ಅದರ ಎರಡೂವರೆ ಮೂರು ಪಟ್ಟು ತಡೆದರೆ ಧೈರ್ಯವಾಗಿ ಕೊಡಬಹುದು. ಹತ್ತು ನಿಮಿಷ ನೇತಾಡಿಸಿ, ಇಳಿಸಿ, ಕಿವಿಗೆ ಹತ್ತಿರ ಹಿಡಿದು ಅಲ್ಲಾಡಿಸಿ. ಸಣ್ಣ ಟಕ್ ಸದ್ದು ಬಂದರೂ ಮುಂದಕ್ಕೆ ಹೋಗಬೇಡಿ, ಕಾರಣ ಹುಡುಕಿ.

ಪಟ್ಟಿಗಳ ನಡುವೆ ಈಗ ಮೂರು ಸೆಂ.ಮೀ. ಸಂದಿ ಇರುತ್ತದೆ. ಮೊದಲು ಒಳಗೆ ಹಳೆಯ ಸ್ಪಂಜಿನ ಚೂರು ತುಂಬಿ, ಇಲ್ಲದಿದ್ದರೆ ಏಟು ಬಿದ್ದಾಗ ಖಾಲಿ ಡಬ್ಬದ ಸದ್ದು ಬಂದು ಪ್ಲಾಸ್ಟಿಕ್ ಎಂದು ಸಾರಿಬಿಡುತ್ತದೆ. ಆಮೇಲೆ ಔಷಧಿ ಅಂಗಡಿಯ ನಾಲ್ಕಿಂಚಿನ ಬ್ಯಾಂಡೇಜ್ ಬಟ್ಟೆಯನ್ನು ಎರಡು ಪಾಲು ಫೆವಿಕಾಲ್, ಒಂದು ಪಾಲು ನೀರಿನಲ್ಲಿ ಅದ್ದಿ ಸುತ್ತಿ. ಒದ್ದೆ ಇರುವಾಗಲೇ ಸಂದಿಗಳಲ್ಲಿ ಬೆರಳಿನಿಂದ ಒಳಕ್ಕೆ ಒತ್ತುತ್ತಾ ಬನ್ನಿ. ಏಣು ಮೇಲೆ, ಕಣಿವೆ ಕೆಳಗೆ ನಿಲ್ಲಬೇಕು. ಅದು ಒಣಗಿದ ಮೇಲೆ ಹರಿದ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ಮೂರು ಪದರ ಹಚ್ಚಿ. ಕತ್ತರಿಯಿಂದ ಕತ್ತರಿಸಿದ ಕಾಗದದ ಅಂಚು ಬಣ್ಣದ ಕೆಳಗೂ ಕಾಣುತ್ತದೆ, ಹರಿದದ್ದು ಕಾಣುವುದಿಲ್ಲ. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು, ಗಂಟಿಲ್ಲದೆ ಕಾಯಿಸಿದರೆ ಅಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಮಾಡಲು ತಾಳ್ಮೆ ಇದ್ದರೆ ಅದೇ ಒಳ್ಳೆಯದು, ಗಟ್ಟಿಯಾಗಿ ಕೂರುತ್ತದೆ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಚ್ಚಿದರೆ ಒಳಗೆ ತೇವ ಉಳಿದು ಬೂಸಲು ಹಿಡಿಯುತ್ತದೆ. ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಮೇಲ್ತುದಿಗೆ ಮೂರಿಂಚಿನ ವೆಂಟ್ ಕೌಲ್, ಅಂದರೆ ಟಾಯ್ಲೆಟ್ ಪೈಪಿನ ತುದಿಗೆ ಮಾಳಿಗೆಯ ಮೇಲೆ ಕೂರಿಸುವ ಟೋಪಿ. ಸೀಳುಗಳಿರುವ ಅದರ ಗುಮ್ಮಟ ಬಣ್ಣ ಬಿದ್ದರೆ ಕಳಶವೇ. ಬೋಲ್ಟು, ಕ್ಯಾಪು ಎಲ್ಲ ಅದರೊಳಗೆ ಮರೆಯಾಗುತ್ತವೆ. ಎಂ-ಸೀಲ್‌ನಲ್ಲಿ ಕೂರಿಸಿದರೆ ಸಾಕು, ಅದರ ಮೇಲೆ ಭಾರವಿಲ್ಲ. ಹಿಡಿಯ ಮೇಲೆ ಬಳೆಗಳಾಗಿ ಎರಡು ಮೂರು ಕಪ್ಲಿಂಗ್. ಕಪ್ಲಿಂಗ್‌ನ ನಡುವೆ ಒಂದು ಏಣು ಇರುತ್ತದೆ, ಅರ್ಧದುಂಡು ಅರದಲ್ಲಿ ಅದನ್ನು ಉಜ್ಜಿ ತೆಗೆದರೆ ಪೈಪಿನ ಮೇಲೆ ಜಾರುತ್ತದೆ. ಮೇಲಿನ ಬಳೆಯನ್ನು ಬುರುಡೆಗೆ ತೀರಾ ಹತ್ತಿರ ಇಡಬೇಡಿ. ಗದೆ ಹೆಗಲ ಮೇಲೆ ಕೂರುವ ಜಾಗ ಅದು, 20 ಸೆಂ.ಮೀ. ಬಯಲು ಬಿಡಿ, ಇಲ್ಲದಿದ್ದರೆ ಬಳೆ ಭುಜಕೀರ್ತಿಗೆ ಸಿಕ್ಕಿಕೊಳ್ಳುತ್ತದೆ. ಏಣುಗಳ ಮೇಲೆ ತೆಳು ಸೆಣಬಿನ ಹಗ್ಗವನ್ನು ಫೆವಿಕಾಲ್‌ನಲ್ಲಿ ಅದ್ದಿ ಅಂಟಿಸಿದರೆ ಕುಸುರಿಯ ಹಾಗೆ ಕಾಣುತ್ತದೆ. ಎಸ್‌ಡಬ್ಲ್ಯುಆರ್ ಪೈಪಿನ ರಬ್ಬರ್ ರಿಂಗ್ ಹಾಕುವ ಆಸೆಯಾಗುತ್ತದೆ, ಆದರೆ ರಬ್ಬರ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಬಣ್ಣದಲ್ಲಿ ಒಂದೇ ಮಾತು ಒತ್ತಿ ಹೇಳಬೇಕು: ಬರೀ ಚಿನ್ನದ ಬಣ್ಣ ಬಳಿದು ನಿಲ್ಲಿಸಬೇಡಿ. ಮೊದಲು ಕಾವಿ ಅಥವಾ ಸಾಸಿವೆ ಹಳದಿ, ಮೇಲೆ ಚಿನ್ನ, ಆಮೇಲೆ ನೀರಾದ ಕಂದುಗಪ್ಪು ಬಣ್ಣವನ್ನು ಇಡೀ ಬುರುಡೆಗೆ ಬಳಿದು ತಕ್ಷಣ ಬಟ್ಟೆಯಿಂದ ಒರೆಸಿ. ಕಣಿವೆಗಳಲ್ಲಿ ಕಪ್ಪು ಉಳಿದು ಏಣುಗಳು ಹೊಳೆಯುತ್ತವೆ. ರಂಗದ ಮೇಲೆ ಎದುರಿನಿಂದ ಬೀಳುವ ಬೆಳಕು ನೆರಳುಗಳನ್ನೆಲ್ಲ ಅಳಿಸಿಬಿಡುತ್ತದೆ, ಆ ನೆರಳನ್ನು ನಾವೇ ಬರೆದಿರಬೇಕು. ಯುದ್ಧದ ದೃಶ್ಯಕ್ಕೆ ನೀಲಿ ದೀಪ ಹಾಕುವ ರೂಢಿ ಇದ್ದರೆ ಒಂದೆರಡು ಬಳೆಗೆ ಬೆಳ್ಳಿ ಬಣ್ಣ ಕೊಡಿ. ನೀಲಿ ಬೆಳಕಿನಲ್ಲಿ ಚಿನ್ನದ ಬಣ್ಣ ಮಂಕಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ.

ಕೈ ಹಿಡಿಯುವ ಜಾಗಕ್ಕೆ ಬಣ್ಣ ಬೇಡ, ಅಗಲವಾದ ಹತ್ತಿ ಲಾಡಿ ಸುತ್ತಿ. ಬಣ್ಣ ಬಳಿದ ಪಿವಿಸಿ ಬೆವರಿಗೆ ಜಾರುತ್ತದೆ. ಇನ್ಸುಲೇಷನ್ ಟೇಪ್ ಸೆಖೆಗೆ ಅಂಟು ಕಕ್ಕಿ ಕೈಗೆ ಮೆತ್ತಿಕೊಳ್ಳುತ್ತದೆ. ಗದೆಯನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಕದ ಬಿಂದು ನೋಡಿ. ಈ ಅಳತೆಗೆ ಅದು ಬುರುಡೆಯ ಕೆಳಗೇ, ಕಪ್ಲಿಂಗ್ ಹತ್ತಿರ ಬರುತ್ತದೆ. ನಟನಿಗೆ ತಲೆಭಾರ ಅನ್ನಿಸಿದರೆ ಹಿಡಿಯ ತಳದೊಳಗೆ 17 ಸೆಂ.ಮೀ. ಉದ್ದಕ್ಕೆ ಒಣ ಮರಳು ತುಂಬಿ, ಮೇಲೆ ಬಟ್ಟೆಯ ಬೆಣೆ ಬಿಗಿದು, ತಳಕ್ಕೆ ಎಂಡ್ ಕ್ಯಾಪ್ ಹಾಕಿ. ಸುಮಾರು 150 ಗ್ರಾಂ ಮರಳು ತೂಕದ ಬಿಂದುವನ್ನು ಆರು ಸೆಂ.ಮೀ.ನಷ್ಟು ಕೈಯ ಕಡೆ ಎಳೆಯುತ್ತದೆ, ಮಣಿಕಟ್ಟಿಗೆ ಅಷ್ಟು ಸಾಕು. ನಟರು ಮಾತಿನ ಕೊನೆಗೆ ಗದೆಯನ್ನು ನೆಲಕ್ಕೆ ಕುಟ್ಟುತ್ತಾರೆ, ಆ ಏಟಿಗೆ ಬರಿ ಕ್ಯಾಪು ಒಡೆಯುತ್ತದೆ. ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಷ್ ತೊಡಿಸಿ. ಸದ್ದು ಕಡಿಮೆಯಾಗುತ್ತದೆ ಎಂಬ ಭಯ ಬೇಡ, ಹಲಗೆಯ ರಂಗವೇ ಸದ್ದು ಕೊಡುತ್ತದೆ.

ಶಾಲೆಯ ಮಕ್ಕಳಿಗಾದರೆ ಮುಕ್ಕಾಲಿಂಚಿನ ಹಿಡಿ, 75 ಮಿ.ಮೀ. ಪೈಪು, ಎಂಟು ಪಟ್ಟಿ, 16 ಸೆಂ.ಮೀ. ಸೀಳು, ಎರಡೂವರೆ ಸೆಂ.ಮೀ. ಒತ್ತು. ಹದಿನೈದು ಸೆಂ.ಮೀ. ಗುಂಡು ಬರುತ್ತದೆ. ಅರ್ಜುನನ ಬಿಲ್ಲಿಗೂ ಮುಕ್ಕಾಲಿಂಚಿನ ಪೈಪು ಆಗುತ್ತದೆ, ಬಗ್ಗಿಸುವಾಗ ಒಳಗೆ ಮರಳು ತುಂಬಿ ಎರಡೂ ಬಾಯಿ ಮುಚ್ಚಿದರೆ ಪೈಪು ಚಪ್ಪಟೆಯಾಗುವುದಿಲ್ಲ. ಆ ಬಿಲ್ಲು ತೋರಿಸಲಿಕ್ಕೆ ಮಾತ್ರ, ಹೆದೆ ಎಳೆದು ಬಾಣ ಬಿಡಲಿಕ್ಕಲ್ಲ.

ಮುಗಿದ ಗದೆಯನ್ನು ಪ್ರದರ್ಶನದ ದಿನ ಕೊಡುವುದಲ್ಲ, ಅಭ್ಯಾಸದ ಮನೆಗೆ ಕೊಡಬೇಕು. ಏಟುಗಳನ್ನು ಹಾರ್ಮೋನಿಯಂ ಮೇಷ್ಟರ ಲೆಕ್ಕಕ್ಕೆ ಕೂರಿಸಿ, ಬುರುಡೆ ಬುರುಡೆಗೆ ತಾಗುವ ಮುಂಚೆ ತಡೆಯುವುದನ್ನು ಇಬ್ಬರೂ ಕಲಿಯಬೇಕು. ಸದ್ದನ್ನು ಪಕ್ಕವಾದ್ಯದವರು ಕೊಡಲಿ. ಹಿಡಿಗೆ ಹಿಡಿ ತಾಗಿದರೂ ಚಿಂತೆಯಿಲ್ಲ, ಆದರೆ ಕುತ್ತಿಗೆಗೆ ಎಂದೂ ಏಟು ಬೀಳಬಾರದು. ಪ್ರತಿ ಪ್ರದರ್ಶನದ ನಂತರ ಕಪ್ಲಿಂಗ್‌ನ ಎರಡೂ ಅಂಚನ್ನು ಟಾರ್ಚ್ ಹಾಕಿ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೆ ಬಣ್ಣ ಕೆರೆದು, ಗೆರೆ ಪಿವಿಸಿಗೂ ಇಳಿದಿದೆಯೇ ನೋಡಬೇಕು. ಇಳಿದಿದ್ದರೆ ಎಂ-ಸೀಲ್ ಮೆತ್ತುವುದು ಪರಿಹಾರವಲ್ಲ. ಮೇಲಿನ ಕೌಲ್ ಬಿಡಿಸಿ, ಬೋಲ್ಟ್ ತೆಗೆದು, ಸಣ್ಣ ಕ್ಯಾಪನ್ನು ಕತ್ತರಿಸಿ ಬುರುಡೆಯನ್ನು ಈಚೆಗೆ ಎಳೆದುಕೊಳ್ಳಿ. ಬುರುಡೆಗೆ ಏನೂ ಆಗಿರುವುದಿಲ್ಲ. ಹೊಸ ಪೈಪು, ಹೊಸ ಕಪ್ಲಿಂಗ್, ಹೊಸ ಕ್ಯಾಪು ಹಾಕಿ, ಒಂದು ದಿನ ಒಣಗಿಸಿ, ಮತ್ತೆ ಬಕೆಟ್ ಕಟ್ಟಿ ನೋಡಿ. ಎತ್ತಿಡುವಾಗ ಮೈದಾ ಅಂಟಿಗೆ ಇಲಿ ಬರುತ್ತದೆ, ಆದ್ದರಿಂದ ಗೋಡೆಗೆ ಒರಗಿಸದೆ ಕುತ್ತಿಗೆಗೆ ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿ. ಬೇಸಿಗೆಯಲ್ಲಿ ಟೆಂಪೋ ಮೇಲೆ ಬಿಸಿಲಿಗೆ ಬಿಡದೆ ಗೋಣಿಯಲ್ಲಿ ಸುತ್ತಿ ಒಳಗಿಟ್ಟು ಒಯ್ಯಿರಿ.